ಆಟದ ಬಯಲಿಗೆ ಹೋದ ಜಾಗಟೆ

ಹೊಳೆನರಸೀಪುರ
೧೮-೧೨-೧೯೯೭, ಗುರುವಾರ

ಪ್ರೀತಿಯ ಮಗಳು ಸೌಜನ್ಯಳಿಗೆ,

ದೇವರ ಮನೆಯ ದೀಪಕ್ಕೆ ಎಣ್ಣೆ ಬಿಟ್ಟು, ರಂಗನಾಥಸ್ವಾಮಿಗೆ ನಿನ್ನ ಹೆಸರಿನಲ್ಲೂ ಒಂದು ತುಳಸಿ ದಳ ಇಟ್ಟು, ನಿಮ್ಮಮ್ಮ ಬರೆಯಲು ಕೂತಿದ್ದೇನೆ. ನಿನ್ನ ಮೈ ಹೇಗಿದೆ? ಕಾಲಿನ ಊತ ಇಳಿಯಿತೇ? ಭಿಲಾಯಿಯಲ್ಲಿ ಈಗ ಚಳಿ ಬಹಳ ಎಂದು ಪಕ್ಕದ ಮನೆ ಪ್ರೇಮಕುಮಾರಿ ಟಿ.ವಿ.ಯಲ್ಲಿ ನೋಡಿ ಹೇಳಿದಳು. ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿಕೋ, ತಣ್ಣೀರಿನಲ್ಲಿ ಕೈಯಾಡಿಸಬೇಡ. ಅಳಿಯಂದಿರು ರಾತ್ರಿ ಪಾಳಿಗೆ ಹೋದಾಗ ಒಬ್ಬಳೇ ಮಲಗದೆ ನಿಮ್ಮ ಎದುರು ಮನೆಯ ಆ ತೆಲುಗಿನ ಅಜ್ಜಿಯನ್ನು ಕರೆದುಕೋ. "ಗಂಡಾಂತರದ ತಿಂಗಳು ಕಳೀತು, ಇನ್ನು ಎದ್ದು ಓಡಾಡಬಹುದು" ಅಂತ ಅಲ್ಲಿಯ ಡಾಕ್ಟರಮ್ಮ ಹೇಳಿದ್ದನ್ನು ನೀನು ಫೋನಿನಲ್ಲಿ ಹೇಳಿದೆಯಲ್ಲ, ಅವತ್ತು ನಾನು ನಿಂತಲ್ಲೇ ಕೈಮುಗಿದೆ. ಹೋದ ವರ್ಷ ಮಡಿಲು ಬರಿದಾದ ದುಃಖ ಈ ಸಲ ಮರೆಯಲಿ. ಹುಣಸೆ ತೊಕ್ಕು, ಸಣ್ಣ ಜಾಡಿಯಲ್ಲಿ ನಿಂಬೆ ಉಪ್ಪಿನಕಾಯಿ, ಎರಡನ್ನೂ ಕಟ್ಟಿಟ್ಟಿದ್ದೇನೆ. ಆ ಕಡೆ ಬರುವವರು ಸಿಕ್ಕಿದರೆ ಕಳಿಸುತ್ತೇನೆ.

ಈಗ ಒಂದು ವಿಷಯ ಹೇಳಬೇಕು. ಕೂತುಕೊಂಡು ಓದು, ಗಾಬರಿಯಾಗಬೇಡ. ಗಾಬರಿಯಾಗುವ ಕಾಲವೆಲ್ಲ ಮುಗಿದ ಮೇಲೆಯೇ ಬರೆಯುತ್ತಿದ್ದೇನೆ. ನಿಮ್ಮಪ್ಪ ಚೆನ್ನಾಗಿದ್ದಾರೆ. ಇದೋ, ನಾನು ಬರೆಯುವಾಗಲೇ ಜಗಲಿಯ ಮೇಲೆ ಕೂತು ಚೆಂಡಿಗೆ ಗಾಳಿ ತುಂಬುತ್ತಿದ್ದಾರೆ. ಗೌರಿ ಗಣೇಶನ ಹಬ್ಬದ ಹೊತ್ತಿಗೆ ಅವರ ಗಂಟಲು ಕಟ್ಟಿತ್ತು. ಮೊದಲು ನಾವು ಲೆಕ್ಕಕ್ಕೇ ಇಡಲಿಲ್ಲ. ಅವರ ಗಂಟಲು ನಿನಗೆ ಗೊತ್ತಲ್ಲ, ಕಾಲೇಜಿನ ಕೋರ್ಟಿನಲ್ಲಿ ನಿಂತು "ಪಾಸ್ ಕೊಡ್ಲಾ!" ಅಂದರೆ ಹೇಮಾವತಿಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಿರುಗಿ ನೋಡುತ್ತಿದ್ದರು. ಕಾಳುಮೆಣಸಿನ ಕಷಾಯ ಕೊಟ್ಟೆ, ಜೇನು ಕೊಟ್ಟೆ, ಆಂಜನೇಯನಿಗೆ ಎಲೆಪೂಜೆ ಮಾಡಿಸಿದೆ. ಸ್ವರ ದಿನದಿನಕ್ಕೆ ಒಡೆಯಿತೇ ಹೊರತು ಕೂಡಲಿಲ್ಲ. ಕೊನೆಗೆ ಮೈಸೂರಿಗೆ ಹೋದೆವು. ಧ್ವನಿ ಹುಟ್ಟುವ ಜಾಗದಲ್ಲೇ ಗಂಟು ಬೆಳೆದಿದೆ, ತೆಗೆಯಬೇಕು ಎಂದರು. ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ಆಮೇಲೆ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ, "ಹೌದು ಅಂತಲೂ ಹೇಳಕ್ಕಾಗಲ್ಲ, ಇಲ್ಲ ಅಂತಲೂ ಹೇಳಕ್ಕಾಗಲ್ಲಮ್ಮ. ಗಾಯ ಮಾಗಲಿ, ಇನ್ನೊಂದು ಸಲ ತೆಗೆದು ನೋಡೋಣ" ಅಂದರು. ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ ಎಂದು ನಾನು ಕೇಳಲಿಲ್ಲ. ಆ ರೋಗದ ಹೆಸರನ್ನು ಬಾಯಲ್ಲಿ ಹೇಳಲಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಅಲ್ಲಿಯವರೆಗೆ ಮಾತಾಡಕೂಡದು, ಪಿಸುಮಾತು ಕೂಡ ಬೇಡ, ಪೀಪಿ ಊದಲೇಬಾರದು ಎಂದು ಕಟ್ಟಪ್ಪಣೆ ಮಾಡಿದರು. ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ನಿಮ್ಮಪ್ಪ ಒಂದು ಅಂಗಡಿಗೆ ನುಗ್ಗಿ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಸ್ಲೇಟು ಬಳಪ ತಂದರು. ಅದರ ಮೇಲೆ ಮೊದಲು ಬರೆದದ್ದೇ "ಸೌಜಿಗೆ ಹೇಳಬೇಡ" ಅಂತ. ಆಗ ನೀನು ಹಾಸಿಗೆ ಬಿಟ್ಟು ಏಳಬಾರದು ಎಂದು ನಿನ್ನ ಡಾಕ್ಟರಮ್ಮ ಹೇಳಿದ್ದ ಕಾಲ. ಹೇಳಿದ್ದರೆ ನೀನು ಮಾರನೆಯ ದಿನವೇ ರೈಲು ಹತ್ತುತ್ತಿದ್ದೆ. ನೀನು ನಿಮ್ಮಪ್ಪನ ಮಗಳಲ್ಲವೇ.

ರಜೆ ಹಾಕಿ ಮನೆಯಲ್ಲಿರಿ ಎಂದು ನಾನು ಹೇಳಿದೆ. ಮೂಗನಾದ ಪಿ.ಟಿ. ಮೇಷ್ಟ್ರನ್ನು ಇಟ್ಟುಕೊಂಡು ಕಾಲೇಜಿನವರು ಏನು ಮಾಡುತ್ತಾರೆ? ಅದಕ್ಕೆ ಅವರು ಸ್ಲೇಟಿನ ಮೇಲೆ ಒಂದೇ ಪದ ಬರೆದು ನನ್ನ ಮುಂದೆ ಹಿಡಿದರು: "ಹುಡುಗರು?" ಈ ವರ್ಷದ ಬ್ಯಾಸ್ಕೆಟ್‌ಬಾಲ್ ಹುಡುಗರನ್ನು ನೀನು ನೋಡಿಲ್ಲ. ಕ್ಯಾಪ್ಟನ್ನು ಹರ್ಷವರ್ಧನ್ ಎಂದು, ಅರಕಲಗೂಡಿನ ಕಡೆಯ ಒಕ್ಕಲು ಮನೆಯ ಹುಡುಗ. ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸದೆ ಬಂದು ಎಷ್ಟೋ ಸಲ ಹಣೆ ಊದಿಸಿಕೊಂಡಿದ್ದಾನೆ. ಇನ್ನೊಬ್ಬ ಪ್ರದ್ಯುಮ್ನ, ದೇವಸ್ಥಾನದ ಅರ್ಚಕರ ಮಗ. ಕುಳ್ಳ, ಜುಟ್ಟು ಬೇರೆ. ಚೆಂಡು ಹಿಡಿದು ಓಡಿದರೆ ಅಳಿಲು. ಆಯುಧಪೂಜೆಯ ದಿನ ನಾನೇ ಹೋಗಿ ಚೆಂಡುಗಳಿಗೆಲ್ಲ ಕುಂಕುಮ ಇಟ್ಟು ಬಂದಿದ್ದೆ. ಆದರೂ ಚನ್ನರಾಯಪಟ್ಟಣದಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಹೀನಾಯವಾಗಿ ಸೋತು ಬಂದರು. ನಿಮ್ಮಪ್ಪ ಗೆರೆಯ ಪಕ್ಕದಲ್ಲಿ ಸ್ಲೇಟು ಎತ್ತಿ ಹಿಡಿದರೆ ಓಡುವ ಹುಡುಗರು ಓದುವುದು ಯಾವಾಗ? ಕೈ ಬೀಸಿದರೆ ಯಾರಿಗೆ ಬೀಸಿದ್ದು ಎಂದು ಒಬ್ಬರ ಮುಖ ಒಬ್ಬರು ನೋಡಿದರಂತೆ. ಆ ಶನಿವಾರ ಹರ್ಷ, ಪ್ರದ್ಯುಮ್ನ ಇಬ್ಬರೂ ಬಂದು ನಮ್ಮ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತರು. ಹರ್ಷ ಕಣ್ಣಲ್ಲಿ ನೀರು ಹಾಕಿಕೊಂಡು, "ಸಾ ಬಯ್ಯದೇ ಇದ್ರೆ ನಮ್ಗೆ ಆಡಕ್ಕೇ ಬರಾಕಿಲ್ಲ ಕಣಮ್ಮ. ಬೈಸ್ಕಂಡೇ ಕಲ್ತೋರು ನಾವು" ಅಂದ.

ಪೂಜೆಯ ಹೊತ್ತಾಗಿತ್ತು, ಒಳಗೆ ಹೋದೆ. ಮಂಗಳಾರತಿ ಹಚ್ಚಿ, ನಿಮ್ಮ ತಾತನ ಜಾಗಟೆ ತೆಗೆದುಕೊಂಡು ಕೋಲಿನಿಂದ ಒಂದೇ ಸಮನೆ ಬಾರಿಸಿದೆ. ಶನಿವಾರ ಆ ಸದ್ದು ಕೇಳಿದರೆ ಮನೆಯವರೆಲ್ಲ ಎಲ್ಲಿದ್ದರೂ ಬಂದು ನಿಲ್ಲಬೇಕು, ಅದು ನಮ್ಮ ಮನೆಯ ಪದ್ಧತಿ. ಚಿಕ್ಕಂದಿನಲ್ಲಿ ನೀನು ಬಚ್ಚಲಿನಿಂದ ಸೋಪಿನ ಮುಖದಲ್ಲೇ ಓಡಿ ಬಂದಿದ್ದೆ. ನಿಮ್ಮಪ್ಪ ಹಿತ್ತಲಿನಲ್ಲಿ ತೆಂಗಿನ ಗರಿ ಎಳೆಯುತ್ತಿದ್ದವರು ಬಿಟ್ಟು ಓಡಿ ಬಂದು ಕೈಮುಗಿದು ನಿಂತರು. ಹರ್ಷ ಅದನ್ನು ನೋಡಿದವನೇ ಪ್ರದ್ಯುಮ್ನನ ಬೆನ್ನಿಗೆ ಒಂದು ಗುದ್ದು ಹಾಕಿ, "ಲೇ, ನೋಡ್ಲಾ ಸಾ ಎಂಗ್ ಓಡ್ ಬಂದ್ರು! ಅದುನ್ನೇ ತಕ್ಕಂಡ್ ಓಗನ ಕಣ್ಲಾ!" ಅಂದ. ನಿಮ್ಮಪ್ಪ ಜಾಗಟೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಬೇಡವೇ ಬೇಡ ಎಂದೆ. ಹರಿಸೇವೆಯ ಸಾಮಾನು, ಬೂಟುಗಾಲಿನ ಹುಡುಗರ ನಡುವೆ ಹೋಗುವುದೆಂದರೆ ಏನು! ಮಾರನೆಯ ದಿನ ಪ್ರದ್ಯುಮ್ನ ಬಂದು ಬಹಳ ಗಂಭೀರವಾಗಿ, "ನಮ್ಮ ತಂದೆಯವರನ್ನ ಕೇಳಿದೆ ಅಮ್ಮ. ದೇವರನ್ನ ಕರೆಯೋ ಜಾಗಟೆ ಹುಡುಗರನ್ನ ಕರೆದರೆ ದೇವರಿಗೆ ಏನೂ ಬೇಜಾರಿಲ್ವಂತೆ" ಅಂದ. ನಿಜವಾಗಿ ಕೇಳಿದನೋ, ದಾರಿಯಲ್ಲಿ ಬರುತ್ತಾ ಹುಟ್ಟಿಸಿಕೊಂಡನೋ ಆ ನರಸಿಂಹನಿಗೇ ಗೊತ್ತು. ಆದರೆ ನನಗೆ ನಿಮ್ಮ ತಾತನ ನೆನಪಾಯಿತು. ಶನಿವಾರ ಹಣೆ ತುಂಬ ನಾಮ ಇಟ್ಟು, ಜಾಗಟೆ ಬಾರಿಸುತ್ತಾ ಊರ ಬೀದಿಯೆಲ್ಲ ತಿರುಗಿ ಅಕ್ಕಿ ಎತ್ತಿದ ದಾಸಯ್ಯ ಅವರು. ಬೀದಿ ಕಾಣದ ಜಾಗಟೆಯೇನಲ್ಲ ಅದು. ಒಪ್ಪಿಕೊಂಡೆ. ನೆಲದ ಮೇಲೆ ಇಡಕೂಡದು, ಸ್ನಾನ ಮಾಡದೆ ಮುಟ್ಟಕೂಡದು, ಹಿಡಿದವರ ಕಾಲಲ್ಲಿ ಚಪ್ಪಲಿ ಇರಕೂಡದು ಎಂದು ಹೇಳಿ, ನನ್ನ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟೆ.

ಹೀಗೆ ನಿಮ್ಮಪ್ಪ ಅಲ್ಲಿಂದಾಚೆಗೆ ಎಲ್ಲ ಪಂದ್ಯಗಳನ್ನೂ ಬರಿಗಾಲಲ್ಲೇ ಆಡಿಸಿದರು. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಒಂದು ಕಾಲು ಎತ್ತಿ ಒಂದು ಕಾಲು ಇಡುವುದನ್ನು ನೋಡಿ ಹುಡುಗರು "ಸಾ ಕುಣೀತಾವ್ರೆ" ಎಂದು ನಗುತ್ತಿದ್ದರಂತೆ. ಜಾಗಟೆಗೆ ಒಂದು ಏಟು ಹಾಕಿದರೆ ಚೆಂಡು ಇಟ್ಟುಕೊಳ್ಳಬೇಡ, ಪಾಸು ಕೊಡು. ಎರಡು ಏಟು ಅಂದರೆ ಎಲ್ಲರೂ ಹಿಂದಕ್ಕೆ ಬಂದು ನಮ್ಮ ರಿಂಗಿನ ಕೆಳಗೆ ಕಾವಲು ನಿಲ್ಲಿ. ಮಂಗಳಾರತಿಯ ಹಾಗೆ ಒಂದೇ ಸಮನೆ ಬಾರಿಸಿದರೆ ಕಾವಲೂ ಬೇಡ ಏನೂ ಬೇಡ, ಐದು ಜನವೂ ಮುಂದೆ ನುಗ್ಗಿ ಅವರ ಕೈಯಿಂದಲೇ ಚೆಂಡು ಕಿತ್ತುಕೊಳ್ಳಿ. ಆದರೆ ಅದನ್ನು ನಿಮ್ಮಪ್ಪ ಬಾರಿಸುವುದಿಲ್ಲ ಎಂದೇ ಇದ್ದರು. ಹಾಗೆ ನುಗ್ಗಿದರೆ ಹಿಂದೆ ಮನೆ ಬಾಗಿಲು ತೆರೆದಿಟ್ಟ ಹಾಗೆ, ಉಸಿರೂ ಸಾಲುವುದಿಲ್ಲ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದರು. ನನಗೆ ಆಟ ತಿಳಿಯುವುದಿಲ್ಲ. ತಳವಿಲ್ಲದ ಬುಟ್ಟಿಗೆ ಚೆಂಡು ಹಾಕಿ, ಅದು ಬಿದ್ದುಹೋದರೆ ಕುಣಿದಾಡುವುದು ಯಾವ ಸೀಮೆಯ ಸಂತೋಷ ಎಂದು ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದೇನೆ. ಆದರೆ ಒಂದು ಏಟು, ಎರಡು ಏಟು, ಒಂದೇ ಸಮನೆ, ಇಷ್ಟು ಮಾತ್ರ ನನಗೂ ಬಾಯಿಪಾಠವಾಯಿತು.

ಅರಕಲಗೂಡಿನಲ್ಲಿ ಆದದ್ದು ಕೇಳಿದರೆ ನೀನು ನಗುತ್ತೀಯ, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಗು. ನಿಮ್ಮಪ್ಪ ಜಾಗಟೆ ಎತ್ತಿದ ಕೂಡಲೇ ಆ ಊರಿನ ಹುಡುಗರು, "ಏಯ್, ದಾಸಯ್ಯ ಬಂದವ್ನೆ ಕಣ್ರೋ, ಅಕ್ಕಿ ಆಕ್ರಲಾ!" ಎಂದು ಶಿಳ್ಳೆ ಹೊಡೆದರಂತೆ. ಇದು ನ್ಯಾಯವಲ್ಲ ಎಂದು ಆ ಕಡೆಯ ಮೇಷ್ಟ್ರು ರೆಫರಿಯ ಹತ್ತಿರ ಹೋದರು. ರೆಫರಿ ಒಳ್ಳೆಯ ಮನುಷ್ಯ, "ನಾನು ಓದಿರೋ ರೂಲ್ಸಿನಲ್ಲಿ ಜಾಗಟೆ ವಿಷಯ ಇಲ್ಲಪ್ಪ. ನೀವು ಬೇಕಾದ್ರೆ ಶಂಖ ಊದಿ" ಅಂದರಂತೆ. ಆಟ ಅರ್ಧ ಆಗಿದೆ, ಬೇಲಿಯಾಚೆಯ ಮನೆಯಿಂದ ಚಿಕ್ಕಲಕ್ಷ್ಮಮ್ಮ ಎಂಬ ಮುದುಕಿ ಮೊರದಲ್ಲಿ ಅಕ್ಕಿ ತುಂಬಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಆಡುವ ಹುಡುಗರ ನಡುವೆಯೇ ನೆಟ್ಟಗೆ ನಡೆದು ಬಂದಳಂತೆ. ಅವಳಿಗೆ ಕಣ್ಣು ಮಂಜು. ಜಾಗಟೆ ಕೇಳಿದೆ, ಬರಿಗಾಲು ಕಂಡಿದೆ. "ಎಷ್ಟ್ ವರ್ಸ ಆಗಿತ್ತಪ್ಪಾ ದಾಸಯ್ಯ ಈ ಕಡೆ ಬಂದು! ಮಾತಾಡಾಕಿಲ್ವಾ? ಮೌನವ್ರತವಾ? ಒಳ್ಳೇದಾಯ್ತು, ಇಡ್ಕೊ" ಎಂದಳಂತೆ. ನಿಮ್ಮಪ್ಪ ಏನೆಂದು ಹೇಳುತ್ತಾರೆ, ಹೇಗೆಂದು ಹೇಳುತ್ತಾರೆ? ಕೈಚೌಕ ಒಡ್ಡಿ ಅಕ್ಕಿ ಹಾಕಿಸಿಕೊಂಡು, ಅವಳ ತಲೆಯ ಮೇಲೆ ಕೈಯಿಟ್ಟು ಹರಸಿದರಂತೆ. ಆಗ ಶಿಳ್ಳೆ ಹೊಡೆಯುತ್ತಿದ್ದ ಹುಡುಗರು ತೆಪ್ಪಗಾದರು. ನಮ್ಮವರು ಗೆದ್ದು ಬಂದರು. ಆ ಅಕ್ಕಿಯಲ್ಲಿ ನಾನು ಪುಳಿಯೋಗರೆ ಕಲಸಿ ತಂಡಕ್ಕೆಲ್ಲ ಬಡಿಸಿದೆ. ಹರಸಿದ್ದು ತಪ್ಪಾಯಿತೇ ಎಂದು ನಿಮ್ಮಪ್ಪ ಸ್ಲೇಟಿನಲ್ಲಿ ಕೇಳಿದರು. ಕೊಟ್ಟವಳ ಮನಸ್ಸು ಸರಿಯಿತ್ತು, ತೆಗೆದುಕೊಂಡವರ ಮನಸ್ಸೂ ಸರಿಯಿತ್ತು, ತಪ್ಪೇನು ಬಂತು ಎಂದೆ. ಅಲ್ಲಿಂದ ಮುಂದೆ ಒಂದೊಂದೇ ಊರಿನವರನ್ನು ಸೋಲಿಸುತ್ತಾ ಹುಡುಗರು ಹಾಸನದ ಫೈನಲ್ಲಿನವರೆಗೆ ನಡೆದರು. ಚನ್ನರಾಯಪಟ್ಟಣದವರ ಋಣವನ್ನೂ ತೀರಿಸಿದರು.

ಇಷ್ಟೆಲ್ಲ ನಡೆಯುವಾಗ ಭಾನುವಾರ ಭಾನುವಾರ ನೀನು ಮಲಗಿದಲ್ಲಿಂದಲೇ ಪ್ರೇಮಕುಮಾರಿಯ ಮನೆಗೆ ಫೋನ್ ಮಾಡುತ್ತಿದ್ದೆ. "ಅಪ್ಪ ಎಲ್ಲಿ?" ಎಂದರೆ ನಾನು "ಗ್ರೌಂಡಿನಲ್ಲಿದ್ದಾರೆ" ಎನ್ನುತ್ತಿದ್ದೆ. ಸೌಜಿ, ಅವರು ಗ್ರೌಂಡಿನಲ್ಲಿರಲಿಲ್ಲ. ನನ್ನ ಪಕ್ಕದಲ್ಲೇ ನಿಂತು, ಬಗ್ಗಿ, ನಾನು ಹಿಡಿದ ರಿಸೀವರಿಗೆ ಕಿವಿ ತಾಗಿಸಿಕೊಂಡು ಇರುತ್ತಿದ್ದರು. ಕಾರ್ತಿಕದಲ್ಲಿ ಒಂದು ದಿನ ನೀನು ತಡೆಯಲಾರದೆ, "ಅಪ್ಪಂಗೆ ಮಗಳಿಗಿಂತ ಆ ಚೆಂಡೇ ಹೆಚ್ಚಾಗೋಯ್ತಾ? ಆಗ್ಲಿ ಬಿಡು, ಇನ್ಮೇಲೆ ಕೇಳಲ್ಲ" ಎಂದೆಯಲ್ಲ. ಅದನ್ನೂ ಕೇಳಿಸಿಕೊಂಡರು. ಮನೆಗೆ ಬಂದು, ಏನೂ ಬರೆಯದೆ ಖಾಲಿಯಿದ್ದ ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದರು. ಅದಾದ ಮೇಲೆ ನೀನು ನಿಜಕ್ಕೂ ಅಪ್ಪ ಎಲ್ಲಿ ಎಂದು ಕೇಳಲಿಲ್ಲ. ನಾನು ಮಾತ್ರ ಕೇಳದಿದ್ದರೂ "ಗ್ರೌಂಡಿನಲ್ಲಿದ್ದಾರೆ" ಎಂದು ಹೇಳುತ್ತಲೇ ಇದ್ದೆ.

ಫೈನಲ್ ಹೋದ ಶನಿವಾರ ಆಯಿತು. ಅದರ ಹಿಂದಿನ ವಾರವಷ್ಟೇ ಮೈಸೂರಿನಲ್ಲಿ ಎರಡನೆಯ ಸಲ ತುಂಡು ತೆಗೆದಿದ್ದರು, ಮಂಗಳವಾರ ಬಂದು ತಿಳಿದುಕೊಳ್ಳಿ ಎಂದಿದ್ದರು. "ಹಸಿ ಗಾಯ. ಈಗ ಒಂದು ಸಲ ಕೂಗಿದರೂ ಇದ್ದ ಧ್ವನಿಯೂ ಹೋಗುತ್ತೆ" ಎಂದು ಡಾಕ್ಟರು ನನಗೇ ಹೇಳಿದ್ದರಿಂದ ನಾನೂ ಹಾಸನಕ್ಕೆ ಹೊರಟೆ. ಹುಡುಗರ ಜೊತೆ ಬಸ್ಸಿನಲ್ಲಿ, ಮಡಿಲಲ್ಲಿ ಜಾಗಟೆ. ಆಟದ ಬಯಲಿನ ಮಗ್ಗುಲಲ್ಲೇ ಒಂದು ಆಂಜನೇಯನ ಗುಡಿ ಇತ್ತು, ಅಲ್ಲಿ ಕೈಮುಗಿದು ಬಂದು ಕೂತೆ. ಹಾಸನದ ಹುಡುಗರು ಎಂಥ ಎತ್ತರ ಅಂತೀಯ! ನಮ್ಮ ಪ್ರದ್ಯುಮ್ನ ಅವರ ಕಂಕುಳ ಕೆಳಗೆ ನುಸುಳುತ್ತಿದ್ದ. ಕೊನೆಕೊನೆಗೆ ನಮ್ಮವರು ಐದು ಪಾಯಿಂಟು ಹಿಂದೆ ಬಿದ್ದರು. ನಿಮ್ಮಪ್ಪ ಎರಡು ಏಟು ಹಾಕಿ, ಹಿಂದೆ ನಿಂತು ಕಾಯಿರಿ ಎಂದು ಸೂಚಿಸಿ, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆಗಲೇ ನೋಡು, ಗುಡಿಯಲ್ಲಿ ಶನಿವಾರದ ಮಂಗಳಾರತಿ ಶುರುವಾಯಿತು. ಜಾಗಟೆ, ಒಂದೇ ಸಮನೆ. ಹರ್ಷ ಅಲ್ಲಾಡದೆ ಒಂದು ಗಳಿಗೆ ಕಿವಿಗೊಟ್ಟ. ಆಮೇಲೆ "ಸಾ ಬಾರ್ಸ್ಬುಟ್ರು ಕಣ್ರಲಾ, ನುಗ್ರೀ!" ಎಂದು ಕಿರುಚಿದ. ಕಾವಲು ಬಿಟ್ಟು ಐದಕ್ಕೆ ಐದು ಜನವೂ ಹೋರಿಗಳ ಹಾಗೆ ಹಾಸನದವರ ಮೇಲೆ ಬಿದ್ದರು.

ನಿಮ್ಮಪ್ಪನ ಮುಖ ನೋಡಬೇಕಿತ್ತು. ಗುಡಿಯ ಸದ್ದಿನಲ್ಲಿ ಅವರ ಎರಡು ಏಟು ಬೇರೆಯಾಗಿ ಕೇಳುವಂತಿಲ್ಲ. ಒಂದು ಕೈಯಲ್ಲಿ ಜಾಗಟೆ, ಇನ್ನೊಂದು ಕೈಯಲ್ಲಿ ಬೇಡ ಬೇಡ ಎಂದು ಬೀಸುತ್ತಿದ್ದಾರೆ, ಒಬ್ಬನೂ ತಿರುಗಿ ನೋಡುತ್ತಿಲ್ಲ. ಕತ್ತಿನ ನರ ಉಬ್ಬಿತು, ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದರು. ಆ ಬಾಯಿ ನಾನು ಕಂಡದ್ದೇ ಅಲ್ಲವೇ, ಮುಂದೆ ಬರುವುದು ಏನೆಂದು ಗೊತ್ತು. ಮದುವೆಯಾದಾಗಿನಿಂದ ನಾಲ್ಕು ಜನರ ಮುಂದೆ ಅವರ ಕೈ ಹಿಡಿದವಳಲ್ಲ ನಾನು. ಅವತ್ತು ಅಷ್ಟು ಜನರ ಎದುರು ಎದ್ದು ಹೋಗಿ ಅವರ ಬಾಯಿಗೆ ಅಂಗೈ ಒತ್ತಿ ನಿಂತುಬಿಟ್ಟೆ. ಹಿಂದಿನಿಂದ ಯಾರೋ, "ಏಯ್, ಮೇಷ್ಟ್ರ ಎಂಡ್ರು ಮೇಷ್ಟ್ರ ಬಾಯೇ ಮುಚ್ಚುಸ್ಬುಟ್ರಲ್ಲಪ್ಪೋ!" ಎಂದರು. ಎಲ್ಲರೂ ನಕ್ಕರು. ನಗಲಿ. ಅಂಗೈಗೆ ಬಿಸಿ ಉಸಿರು ತಗುಲಿತು, ಸದ್ದು ಬರಲಿಲ್ಲ. ಹಾಗೆ ನಿಂತೇ ಇಬ್ಬರೂ ನೋಡಿದೆವು. ಹಾಸನದವರಿಗೆ ದಿಕ್ಕು ತಪ್ಪಿತ್ತು. ಪ್ರದ್ಯುಮ್ನ ಒಬ್ಬನ ಕೈಯಿಂದ ಚೆಂಡು ಕಿತ್ತ, ಹರ್ಷ ಹಾಕಿದ. ಮತ್ತೆ ಕಿತ್ತರು, ಮತ್ತೆ ಹಾಕಿದರು. ಗುಡಿಯ ಜಾಗಟೆ ನಿಂತರೂ ನಮ್ಮವರು ನಿಲ್ಲಲಿಲ್ಲ. ಕೊನೆಯ ಚೆಂಡು ರಿಂಗಿನ ಸುತ್ತ ತಿರುಗಿ, ಯೋಚನೆ ಮಾಡಿ, ಒಳಗೆ ಬಿತ್ತು. ಒಂದು ಪಾಯಿಂಟಿನಲ್ಲಿ ಗೆದ್ದರು ಕಣೆ! ತಳವಿಲ್ಲದ ಬುಟ್ಟಿಯ ಸಂತೋಷ ಏನೆಂದು ನನಗೆ ಅವತ್ತು ತಿಳಿಯಿತು. ಹರ್ಷ ಓಡಿ ಬಂದು, "ಎಂತಾ ಟೈಮ್ನಲ್ಲಿ ಬಾರ್ಸುದ್ರಿ ಸಾ!" ಎಂದು ಕಾಲಿಗೆ ಬಿದ್ದ. ನಿಮ್ಮಪ್ಪ ಸ್ಲೇಟು ಎತ್ತಿ "ನಾನಲ್ಲ" ಎಂದು ಬರೆದು ಗುಡಿಯ ಕಡೆ ಕೈ ತೋರಿಸಿದರು. ಹುಡುಗರು ಬೂಟು ಬಿಚ್ಚಿ, ಬೆವರು ಸುರಿಯುತ್ತಲೇ ಹೋಗಿ ಆಂಜನೇಯನ ಮುಂದೆ ಸಾಲಾಗಿ ಅಡ್ಡಬಿದ್ದರು. ದೇವರು ಬಂದು ಆಡಿಸಿದ ಎಂದು ನಾನು ಹೇಳುವುದಿಲ್ಲ. ಶನಿವಾರ ಸಂಜೆ ಅವನಿಗೆ ಮಂಗಳಾರತಿ, ಅಷ್ಟೆ. ಆದರೂ ಆ ಗಳಿಗೆಗೇ ಆಯಿತಲ್ಲ.

ಮಂಗಳವಾರ ಮೈಸೂರಿಗೆ ಹೋದೆವು. ಆವತ್ತಿನಿಂದಲೇ ಧನುರ್ಮಾಸ, ಬೆಳಗಿನ ಪೂಜೆಯ ಹುಗ್ಗಿ ಪ್ರಸಾದ ಬಾಯಿಗೆ ಹಾಕಿಕೊಂಡು ಮೊದಲ ಬಸ್ಸು ಹತ್ತಿದೆವು. ಡಾಕ್ಟರು ನಮ್ಮನ್ನು ಕೂರಿಸುವ ಮೊದಲೇ ನಕ್ಕರು. "ಬೋರಪ್ಪನವರೆ, ಕೆಟ್ಟದ್ದು ಏನೂ ಇಲ್ಲ. ಇದು ಹುಡುಗರ ಮೇಲೆ ಕೂಗಿ ಕೂಗಿ ಬಂದ ಗಂಟು. ಇನ್ನು ಹಿತವಾಗಿ ಮಾತಾಡಿ, ದಿನಕ್ಕೆ ಕೆಲವೇ ನಿಮಿಷ. ಕೂಗುವುದು ಮಾತ್ರ ಈ ಜನ್ಮಕ್ಕೆ ಸಾಕು" ಎಂದರು. ನಾನು ಅಲ್ಲಿಯೇ ಗೋಡೆಗೆ ಒರಗಿ ಅತ್ತೆ ಸೌಜಿ, ಇಷ್ಟು ದಿನ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತೆ. "ಎಲ್ಲಿ, ಏನಾದರೂ ಮಾತಾಡಿ ನೋಡೋಣ" ಎಂದು ಡಾಕ್ಟರು ಹೇಳಿದರು. ಇಷ್ಟು ತಿಂಗಳ ಮೌನದ ಮೇಲೆ ಏನು ಹೇಳುತ್ತಾರೋ, ದೇವರ ಹೆಸರೋ, ನಿನ್ನ ಹೆಸರೋ ಎಂದು ನಾನು ಕಣ್ಣೊರೆಸಿಕೊಂಡು ಕಾದೆ. "ನಡಿ, ಬಸ್ಸಿಗೆ ಒತ್ತಾಯ್ತದೆ" ಎಂದಿತು ಒಂದು ಧ್ವನಿ. ಯಾರು ಮಾತಾಡಿದ್ದು ಎಂದು ನಾನು ಹಿಂದೆ ತಿರುಗಿ ನೋಡಿದೆ.

ಜಾಗಟೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು ದೇವರ ಮನೆಯ ಮೊಳೆಗೆ ಮತ್ತೆ ನೇತುಹಾಕಿದ್ದೇನೆ. ಮೈಸೂರಿನಲ್ಲಿ ಇನ್ನೊಂದು ಸುತ್ತಿನ ಪಂದ್ಯ ಇದೆಯಂತೆ, ಹುಡುಗರು ಮತ್ತೆ ಕೇಳಿಕೊಂಡು ಬರುತ್ತಾರೆ, ಕೊಡುತ್ತೇನೆ. ಮಾಘದ ಹೊತ್ತಿಗೆ ನಾನೇ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ, ಅಳಿಯಂದಿರಿಗೆ ಈಗಲೇ ಹೇಳಿಟ್ಟಿರು. ಅವರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು, ತೆಲುಗಿನ ಅಜ್ಜಿಗೆ ನನ್ನ ನಮಸ್ಕಾರ. ಸ್ವಾಮಿ ನಿನ್ನ ಮಡಿಲನ್ನು ತುಂಬಿ, ತುಂಬಿದ್ದನ್ನು ಕಾಯಲಿ.

ಸದಾ ನಿನ್ನ ಒಳಿತನ್ನೇ ಬೇಡುವ
ನಿಮ್ಮಮ್ಮ
ಲಕ್ಕಮ್ಮ

ಮರೆತಿದ್ದೆ: ಈ ಕಾಗದ ಕೈಗೆ ಸಿಕ್ಕಿದ ಭಾನುವಾರ ಫೋನ್ ಮಾಡು. ಅದಕ್ಕೆ ಮೊದಲೇ ಮಾಡಿದರೆ ಗ್ರೌಂಡಿನಲ್ಲಿದ್ದಾರೆ ಎಂದೇ ಹೇಳುತ್ತೇನೆ. ನೀನು ಎಲ್ಲವನ್ನೂ ತಿಳಿದುಕೊಂಡ ಮೇಲೆಯೇ ಮಾತಾಡಬೇಕು ಎಂದು ಅವರ ಹಟ. ಆ ದಿನ ಬೆಳಗಿನಿಂದ ನನ್ನ ಹತ್ತಿರವೂ ಬಾಯಿ ಬಿಡುವುದಿಲ್ಲವಂತೆ, ಡಾಕ್ಟರು ಕೊಟ್ಟ ಒಂದು ದಿನದ ಮಾತನ್ನೆಲ್ಲ ನಿನಗೇ ಇಟ್ಟಿದ್ದಾರೆ. ಧ್ವನಿ ಮೊದಲಿನ ಹಾಗಿಲ್ಲ ಕಣೆ, ಬಹಳ ತೆಳ್ಳಗಾಗಿದೆ, ಒಣಗಿದ ಗರಿ ಅಲ್ಲಾಡಿದ ಹಾಗೆ. ಯಾರೋ ಗೊತ್ತಿಲ್ಲದ ಮುದುಕರು ಎತ್ತಿಕೊಂಡರು ಎಂದು ತಿಳಿದು, ರಾಂಗ್ ನಂಬರ್ ಎಂದು ಇಟ್ಟುಬಿಡಬೇಡ.